ಮುಟ್ಟಿಸಿಕೊಳ್ಳುವುದೇ ಮೊದಲ ಪಾಠ: ಉತ್ತರ ಕನ್ನಡದ ಮಳೆ, ಕಾಡು, ಕಡಲಿನ ನಡುವೆ ನಾಯಿ ಸಾಕುವ ಕ್ರಮ

ಶಿರಸಿ, ಸಿದ್ದಾಪುರದ ತೋಟದ ಮನೆಗಳಲ್ಲಾಗಲಿ, ಕುಮಟಾ, ಅಂಕೋಲಾ, ಕಾರವಾರದ ಕಡಲಂಚಿನ ಕೇರಿಗಳಲ್ಲಾಗಲಿ ನಾಯಿ ಸಾಕುವವರಿಗೆ ಕೊರತೆಯಿಲ್ಲ. ಆದರೆ ಸಾಕುವುದೆಂದರೆ ಹಗಲೆಲ್ಲ ಕೊಟ್ಟಿಗೆಯ ಕಂಬಕ್ಕೆ ಕಟ್ಟಿಹಾಕಿ, ರಾತ್ರಿ ಬಿಟ್ಟು, ಮಿಕ್ಕ ಅನ್ನ ಹಾಕುವುದು ಎಂಬ ಪದ್ಧತಿ ಅನೇಕ ಕಡೆ ಇನ್ನೂ ಹಾಗೆಯೇ ಇದೆ. ಹೀಗೆ ಬೆಳೆದ ನಾಯಿ ಮನೆ ಕಾಯುತ್ತದೆ ಎಂಬುದು ನಿಜ. ಆದರೆ ಅದರ ಕಿವಿಯೊಳಗೆ ಉಣುಗು (ಉಣ್ಣೆ) ಹತ್ತಿದ ದಿನ, ಪಾದಕ್ಕೆ ಮುಳ್ಳು ಚುಚ್ಚಿ ಮುರಿದ ದಿನ, ಪಶುವೈದ್ಯರು ಸೂಜಿ ಹಿಡಿದು ನಿಂತ ದಿನ ಅದನ್ನು ಹಿಡಿದುಕೊಳ್ಳಲು ಮನೆಯವರಿಗೇ ಧೈರ್ಯ ಸಾಲುವುದಿಲ್ಲ.

ನಮ್ಮ ಮನೆಯಲ್ಲಿದ್ದ ಕಾಳು ಅಂಥದೇ ನಾಯಿ. ಬೆನ್ನು ಸವರಿದರೆ ಬಾಲ ಆಡಿಸುತ್ತಿತ್ತು, ಕಾಲು ಮುಟ್ಟಿದರೆ ಹಲ್ಲು ತೋರಿಸುತ್ತಿತ್ತು. ಅದರ ಸ್ವಭಾವವೇ ಅಷ್ಟು ಎಂದು ನಾವು ಸುಮ್ಮನಿದ್ದೆವು. ಒಂದು ಆಷಾಢದಲ್ಲಿ ಅದು ಊಟ ಬಿಟ್ಟಾಗ ಮಳೆಗೆ ಮಂಕಾಗಿದೆ ಎಂದುಕೊಂಡು ನಾಲ್ಕು ದಿನ ಕಳೆದೆವು. ಐದನೆಯ ದಿನ ಅದಕ್ಕೆ ಹಲ್ಲು ತೋರಿಸುವ ಶಕ್ತಿಯೂ ಉಳಿದಿರಲಿಲ್ಲವಾದ್ದರಿಂದ ಕಾಲೆತ್ತಿ ನೋಡಿದೆವು. ಬೆರಳುಗಳ ಸಂದಿಯಲ್ಲಿ ಉಣುಗುಗಳು ತುಂಬಿದ್ದವು, ವಸಡು ಬಿಳಚಿಕೊಂಡಿತ್ತು. ಚಿಕಿತ್ಸೆ ಕೊಡಿಸಿದರೂ ಉಳಿಯಲಿಲ್ಲ. ನಾಯಿಗೆ ಕಲಿಸುವುದು ಬೇರೆ, ನಾಯಿಯ ಆರೈಕೆ ಬೇರೆ ಎಂದುಕೊಂಡಿದ್ದ ನನಗೆ ಅವೆರಡೂ ಒಂದೇ ಕೆಲಸ ಎಂಬುದು ತಿಳಿದದ್ದು ಅಂದು. ಮುಂದೆ ಹೇಳಿರುವ ಕ್ರಮವೆಲ್ಲ ಆ ತಿಳಿವಳಿಕೆಯ ಮೇಲೆ ನಿಂತಿದೆ.

ಮರಿಯನ್ನು ಆರಿಸುವಾಗ

ಕಣ್ಣು ಬಿಟ್ಟು ನಾಲ್ಕು ಹೆಜ್ಜೆ ಇಡಲು ತೊಡಗಿದ ಮರಿಯನ್ನು ಚೀಲದಲ್ಲಿ ಹಾಕಿಕೊಂಡು ಬರುವ ರೂಢಿ ನಮ್ಮಲ್ಲಿದೆ. ಇದು ತಪ್ಪು. ಮರಿಯು ಕನಿಷ್ಠ ಏಳರಿಂದ ಎಂಟು ವಾರ ತಾಯಿ ಮತ್ತು ಒಡಹುಟ್ಟಿದ ಮರಿಗಳ ಜೊತೆ ಇರಬೇಕು. ಎಷ್ಟು ಬಲವಾಗಿ ಕಚ್ಚಿದರೆ ಇನ್ನೊಂದಕ್ಕೆ ನೋವಾಗುತ್ತದೆ ಎಂಬುದನ್ನು ಅದು ಕಲಿಯುವುದು ಆ ಆಟದಲ್ಲಿ. ಬೇಗ ಬೇರ್ಪಟ್ಟ ಮರಿ ಮುಂದೆ ಮಕ್ಕಳ ಕೈಯನ್ನು ಆಟಕ್ಕೆಂದೇ ಹಿಡಿದರೂ ಗಾಯ ಮಾಡುತ್ತದೆ.

ಜಾತಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾದುದು. ಹಿಮದ ನಾಡಿನ ಹಸ್ಕಿ, ಸೇಂಟ್ ಬರ್ನಾರ್ಡ್‌ಗಳಂಥ ದಟ್ಟ ಕೂದಲಿನ ನಾಯಿಗಳನ್ನಾಗಲಿ, ಉಸಿರಾಟಕ್ಕೇ ಕಷ್ಟಪಡುವ ಚಪ್ಪಟೆ ಮೂಗಿನ ಪಗ್ ನಾಯಿಯನ್ನಾಗಲಿ ಕಾರವಾರದ ಮೇ ತಿಂಗಳ ಸೆಕೆಗೆ ತರಬಾರದು. ಲ್ಯಾಬ್ರಡಾರ್ ಹೊಂದಿಕೊಳ್ಳುತ್ತದೆ, ಆದರೆ ಅದರ ಜೋಲು ಕಿವಿಯೊಳಗೆ ಮಳೆಗಾಲದಲ್ಲಿ ಗಾಳಿಯಾಡದೆ ಬೂಸಲು ಬೆಳೆಯುತ್ತದೆ ಎಂಬುದನ್ನು ಮೊದಲೇ ತಿಳಿದಿರಬೇಕು. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಸೆಕೆಯನ್ನು ತಡೆಯುತ್ತದೆ. ಆದರೆ ಓಡಲೆಂದೇ ಹುಟ್ಟಿದ ಆ ನಾಯಿಗೆ ಬಯಲು ಬೇಕು, ಅದನ್ನು ಹತ್ತು ಅಡಿಯ ಅಂಗಳದಲ್ಲಿ ಕಟ್ಟಿ ಸಾಕುವುದು ಅನ್ಯಾಯ. ಇವೆಲ್ಲಕ್ಕಿಂತ ನಮ್ಮ ಹವೆಗೆ ಒಗ್ಗಿದ್ದು ನಾಟಿ ನಾಯಿ. ಹೆಣ್ಣು ಮರಿಯೆಂಬ ಒಂದೇ ಕಾರಣಕ್ಕೆ ಮೀನು ಮಾರುಕಟ್ಟೆಯ ಬಳಿಯೋ ಘಟ್ಟದ ತಿರುವಿನಲ್ಲೋ ಬಿಟ್ಟುಹೋದ ಮರಿಗಳು ಎಷ್ಟೋ ಕಣ್ಣಿಗೆ ಬೀಳುತ್ತವೆ. ಅಂಥ ಒಂದನ್ನು ತಂದು ಮೊದಲು ವೈದ್ಯರಿಗೆ ತೋರಿಸಿ ಸಾಕಿದರೆ ಅದು ಯಾವ ಬೆಲೆಬಾಳುವ ನಾಯಿಗೂ ಕಡಿಮೆಯಾಗುವುದಿಲ್ಲ.

ಮೊದಲ ಹತ್ತು ದಿನ

ಮರಿ ಮನೆಗೆ ಬರುವ ಮುಂಚೆಯೇ ಅದು ಮಲಗುವ ಜಾಗವನ್ನು ಗೊತ್ತುಮಾಡಿ. ಜಗಲಿಯ ಮೂಲೆ ಒಳ್ಳೆಯದು. ಅಲ್ಲಿ ಮಳೆಯ ಇರಚಲು ಬಡಿಯುವುದಿಲ್ಲ, ಮನೆಮಂದಿಯ ಓಡಾಟವೂ ಕಾಣುತ್ತದೆ. ನೆಲದಿಂದ ನಾಲ್ಕು ಬೆರಳು ಎತ್ತರಕ್ಕೆ ಹಲಗೆ ಹಾಕಿ ಅದರ ಮೇಲೆ ಹಳೆಯ ನೂಲಿನ ಸೀರೆಯನ್ನು ಮಡಿಸಿ ಹಾಸಬೇಕು. ಗೋಣಿಚೀಲ ಬೇಡ, ಅದು ಬೇಗ ಒಣಗುವುದಿಲ್ಲ, ಅದರ ಎಳೆಗಳ ನಡುವೆ ಉಣುಗು ಅಡಗುತ್ತದೆ. ಸೀರೆಯನ್ನಾದರೆ ವಾರಕ್ಕೊಮ್ಮೆ ಕುದಿನೀರಿನಲ್ಲಿ ಅದ್ದಿ ಒಗೆಯಬಹುದು.

ಎರಡನೆಯ ದಿನವೇ ಪಶು ಆಸ್ಪತ್ರೆಗೆ ಹೋಗಿ ಜಂತುಹುಳದ ಔಷಧಿಯನ್ನೂ ಲಸಿಕೆಯ ವೇಳಾಪಟ್ಟಿಯನ್ನೂ ಬರೆಸಿಕೊಂಡು ಬನ್ನಿ. ಸಾಮಾನ್ಯವಾಗಿ ಆರರಿಂದ ಎಂಟು ವಾರದ ವಯಸ್ಸಿನಲ್ಲಿ ಡಿಸ್ಟೆಂಪರ್, ಪಾರ್ವೊ ಮೊದಲಾದ ರೋಗಗಳ ಸಂಯುಕ್ತ ಲಸಿಕೆ ಆರಂಭವಾಗುತ್ತದೆ. ಮೂರು ನಾಲ್ಕು ವಾರಗಳ ಅಂತರದಲ್ಲಿ ಹದಿನಾರು ವಾರ ತುಂಬುವವರೆಗೆ ಅದನ್ನು ಮರುಕಳಿಸಬೇಕು. ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಬಳಿಕ ವೈದ್ಯರು ಹೇಳಿದಂತೆ ವರ್ಷಕ್ಕೊಮ್ಮೆ. ನಮ್ಮ ಜಿಲ್ಲೆಯಲ್ಲಿ ಇಲಿ ಜ್ವರದ ಲಸಿಕೆಯನ್ನೂ ಕೇಳಿ ಹಾಕಿಸುವುದು ಅಗತ್ಯ, ಏಕೆಂದರೆ ಇಲಿಯ ಮೂತ್ರ ಬೆರೆತ ಗದ್ದೆಯ ನೀರನ್ನು ಕುಡಿಯದ ಹಳ್ಳಿಯ ನಾಯಿ ಇಲ್ಲ. ಆ ರೋಗ ನಾಯಿಯ ಮೂತ್ರದ ಮೂಲಕ ಮನೆಯವರಿಗೂ ಬರಬಹುದು. ಪಾರ್ವೊ ಬಂದ ಮರಿ ರಕ್ತಭೇದಿಯಾಗಿ ಎರಡು ಮೂರು ದಿನಗಳಲ್ಲಿ ಸಾಯುವುದುಂಟು. ಆದ್ದರಿಂದ ಲಸಿಕೆಗಳು ಮುಗಿಯುವವರೆಗೆ ಬೀದಿನಾಯಿಗಳು ಓಡಾಡುವ ಜಾಗದಲ್ಲಿ ಮರಿಯನ್ನು ನೆಲಕ್ಕೆ ಬಿಡಬೇಡಿ. ಹಾಗೆಂದು ಬಾಗಿಲು ಹಾಕಿ ಕೂಡಿಡುವುದೂ ಸರಿಯಲ್ಲ. ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗೆ ಮರಿ ಏನನ್ನು ಹೆದರಿಕೆಯಿಲ್ಲದೆ ನೋಡುತ್ತದೆಯೋ ಅದಕ್ಕೆ ಜೀವಮಾನವಿಡೀ ಹೆದರುವುದು ಕಡಿಮೆ. ಎತ್ತಿಕೊಂಡು ಹೋಗಿ ಬಸ್ಸು ತೋರಿಸಿ, ಛತ್ರಿ ಬಿಚ್ಚುವುದನ್ನು, ಕಂಬಳಿಕೊಪ್ಪೆ ಹೊದ್ದವರನ್ನು, ಹೆಲ್ಮೆಟ್ ಹಾಕಿದವರನ್ನು, ಮೀನು ಬುಟ್ಟಿ ಹೊತ್ತು ಬರುವವರನ್ನು, ದನಕರುಗಳನ್ನು ತೋರಿಸಿ.

ಮುಟ್ಟಿಸಿಕೊಳ್ಳುವ ಪಾಠ

‘ಕೂರು’ ಎಂದು ಕಲಿಸುವುದಕ್ಕೂ ಮೊದಲು ಇದನ್ನು ಕಲಿಸಬೇಕು. ದಿನಕ್ಕೆ ಎರಡು ಬಾರಿ, ಪ್ರತಿ ಬಾರಿ ಮೂರು ನಿಮಿಷಕ್ಕಿಂತ ಹೆಚ್ಚಿಲ್ಲದಂತೆ, ಮರಿ ಆಟವಾಡಿ ದಣಿದ ಹೊತ್ತಿನಲ್ಲಿ ಅದನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಕೈಯಲ್ಲಿ ಕಡಲೆಕಾಳಿನಷ್ಟು ದೊಡ್ಡ ತಿನಿಸಿನ ಚೂರುಗಳಿರಲಿ. ಮೀನು ತಿನ್ನುವ ಮನೆಯಾದರೆ ಉಪ್ಪು ಖಾರ ಹಾಕದೆ ಬೇಯಿಸಿದ ಮೀನು, ಸಸ್ಯಾಹಾರಿಗಳ ಮನೆಯಾದರೆ ದೋಸೆಯ ಚೂರು ಸಾಕು.

ಮೊದಲ ಮೂರು ದಿನ ಭುಜವನ್ನಷ್ಟೇ ಮುಟ್ಟಿ ಚೂರು ಕೊಡಿ. ಮುಟ್ಟಿದ ಮೇಲೆ ತಿನಿಸು ಬರಬೇಕೇ ಹೊರತು ತಿನಿಸು ತೋರಿಸಿ ಮುಟ್ಟಬಾರದು; ಈ ಕ್ರಮ ತಿರುವುಮುರುವಾದರೆ ನಾಯಿ ತಿನಿಸನ್ನು ಕಂಡೊಡನೆಯೇ ಏನೋ ಕೇಡು ಕಾದಿದೆ ಎಂದು ಹಿಂಜರಿಯಲು ಕಲಿಯುತ್ತದೆ. ನಾಲ್ಕನೆಯ ದಿನದಿಂದ ಕೈ ಭುಜದಿಂದ ಮುಂಗಾಲಿಗೆ ಇಳಿಯಲಿ, ಆಮೇಲೆ ಪಾದಕ್ಕೆ, ಆಮೇಲೆ ಬೆರಳಿನ ಸಂದಿಗೆ. ಮರಿ ಕಾಲನ್ನು ಎಳೆದುಕೊಂಡರೆ ಬಿಡಿ, ಗದರಬೇಡಿ, ಹಿಡಿದು ಜಗ್ಗಬೇಡಿ. ಹಿಂದಿನ ದಿನ ಎಲ್ಲಿಯವರೆಗೆ ನೆಮ್ಮದಿಯಾಗಿತ್ತೋ ಅಲ್ಲಿಗೆ ಹಿಂದಿರುಗಿ ಮತ್ತೆ ಮುಂದುವರಿಯಿರಿ. ಅವಸರ ಮಾಡಿದ ಒಂದು ದಿನ ಹತ್ತು ದಿನದ ಕೆಲಸವನ್ನು ಕೆಡಿಸುತ್ತದೆ.

ಇದೇ ರೀತಿಯಲ್ಲಿ ಕಿವಿಯನ್ನು ಮಗುಚಿ ನೋಡುವುದು, ತುಟಿಯನ್ನು ಎತ್ತಿ ವಸಡು ನೋಡುವುದು, ಬಾಲದ ಬುಡ, ತೊಡೆಯ ಸಂದು, ಕೊರಳಪಟ್ಟಿಯ ಅಡಿ, ಹೀಗೆ ಒಂದೊಂದು ಜಾಗಕ್ಕೂ ನಾಲ್ಕಾರು ದಿನ ಕೊಡಬೇಕು. ಕೊನೆಗೆ ಮನೆಯ ಪ್ರತಿಯೊಬ್ಬರೂ, ಅಮ್ಮಮ್ಮನಿಂದ ಹಿಡಿದು ಶಾಲೆಗೆ ಹೋಗುವ ಮಗುವಿನವರೆಗೆ, ಮಕ್ಕಳಾದರೆ ದೊಡ್ಡವರ ಎದುರಿನಲ್ಲಿ, ಹೀಗೆ ಮುಟ್ಟಿ ನೋಡಬೇಕು. ಒಬ್ಬರಿಗೆ ಮಾತ್ರ ಒಲಿದ ನಾಯಿ ಆ ಒಬ್ಬರು ಊರಲ್ಲಿಲ್ಲದ ದಿನ ಕಾಯಿಲೆ ಬಿದ್ದರೆ ಕಷ್ಟ. ದೊಡ್ಡ ನಾಯಿಗೂ ಈ ಪಾಠ ಸಾಧ್ಯ. ವಾರಗಳ ಬದಲು ತಿಂಗಳುಗಳು ಬೇಕಾಗಬಹುದು, ಗುರುಗುಟ್ಟಿದರೆ ಅದನ್ನು ಎಚ್ಚರಿಕೆಯೆಂದು ಗೌರವಿಸಿ ಅಲ್ಲಿಗೇ ನಿಲ್ಲಿಸಬೇಕು. ಗುರುಗುಟ್ಟಿದ್ದಕ್ಕೆ ಹೊಡೆತ ತಿಂದ ನಾಯಿ ಮುಂದಿನ ಸಲ ಗುರುಗುಟ್ಟದೆಯೇ ಕಚ್ಚುತ್ತದೆ.

ಮಲಮೂತ್ರದ ಅಭ್ಯಾಸ

ಎಚ್ಚರವಾದೊಡನೆ, ಊಟವಾದ ಹತ್ತು ಹದಿನೈದು ನಿಮಿಷಕ್ಕೆ, ಆಟ ಮುಗಿದೊಡನೆ, ಮಲಗುವ ಮುನ್ನ ಹಿತ್ತಿಲಿನ ಒಂದೇ ಜಾಗಕ್ಕೆ ಕರೆದೊಯ್ಯಿರಿ. ಅಲ್ಲಿ ಮುಗಿಸಿದ ಕ್ಷಣವೇ ಹೊಗಳಿ ಚೂರು ಕೊಡಿ. ಎರಡು ತಿಂಗಳ ಮರಿ ಹಗಲಿನಲ್ಲಿ ಸುಮಾರು ಮೂರು ತಾಸು, ಮೂರು ತಿಂಗಳದ್ದು ನಾಲ್ಕು ತಾಸು ತಡೆದುಕೊಳ್ಳಬಲ್ಲದು. ಅದಕ್ಕಿಂತ ಹೆಚ್ಚು ನಿರೀಕ್ಷಿಸುವುದು ಸರಿಯಲ್ಲ. ಮನೆಯೊಳಗೆ ಮಾಡಿದ್ದಕ್ಕೆ ಅದರ ಮೂತಿಯನ್ನು ಅಲ್ಲಿ ಉಜ್ಜುವುದರಿಂದ ಯಾವ ಉಪಯೋಗವೂ ಇಲ್ಲ. ನಾಯಿ ತಾನು ಈ ಕ್ಷಣದಲ್ಲಿ ಮಾಡುತ್ತಿರುವುದನ್ನೂ ತನಗೆ ಒದಗಿದ ಫಲವನ್ನೂ ಜೋಡಿಸುವುದು ಒಂದೆರಡು ಸೆಕೆಂಡುಗಳೊಳಗೆ; ಹತ್ತು ನಿಮಿಷದ ಹಿಂದಿನ ತಪ್ಪಿಗೆ ಈಗ ಬಿದ್ದ ಪೆಟ್ಟು ಅದಕ್ಕೆ ನಿಮ್ಮ ಕೈಯ ಹೆದರಿಕೆಯನ್ನು ಮಾತ್ರ ಕಲಿಸುತ್ತದೆ. ಆ ಕೈಯೇ ನಾಳೆ ಅದರ ಕಿವಿಯನ್ನು ಮುಟ್ಟಬೇಕಾದದ್ದು.

ಜೂನ್ ತಿಂಗಳಲ್ಲಿ ತಂದ ಮರಿಯ ವಿಷಯದಲ್ಲಿ ಒಂದು ತೊಡಕು ಉಂಟು. ಜಡಿಮಳೆಗೆ ಅಂಜಿ ಅದು ಅಂಗಳಕ್ಕೇ ಇಳಿಯುವುದಿಲ್ಲ. ಸೂರಿನ ಅಡಿಯಲ್ಲಿ ಒಂದು ಶೀಟು ಕಟ್ಟಿ, ಕೆಳಗೆ ಮರಳು ಹರಡಿ, ಅದನ್ನೇ ಆ ನಾಲ್ಕು ತಿಂಗಳ ಜಾಗವಾಗಿ ಮಾಡಿಕೊಟ್ಟರೆ ತೊಂದರೆ ತಪ್ಪುತ್ತದೆ.

ನಾಲ್ಕು ಮಾತುಗಳು

ನಮ್ಮ ಜಿಲ್ಲೆಯ ಮನೆಗಳಲ್ಲಿ ಎರಡು ಮೂರು ಭಾಷೆಗಳು ಓಡಾಡುತ್ತವೆ. ಆಯಿ ‘ಕೂರು’ ಎನ್ನುತ್ತಾರೆ, ಪಕ್ಕದ ಮನೆಯ ಕೊಂಕಣಿಯವರು ‘ಬಸ್’ ಎನ್ನುತ್ತಾರೆ, ಬೆಂಗಳೂರಿನಿಂದ ರಜೆಗೆ ಬಂದ ಮಗ ‘ಸಿಟ್’ ಎನ್ನುತ್ತಾನೆ. ಮೂರು ಮಾತೂ ಒಂದೇ ಎಂದು ನಾಯಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಯಾವ ಭಾಷೆಯಾದರೂ ಆಗಬಹುದು, ಆದರೆ ಮನೆಮಂದಿಯೆಲ್ಲ ಒಂದೇ ಮಾತನ್ನು ಬಳಸಬೇಕು. ಆ ಮಾತುಗಳನ್ನು ಬರೆದು ಅಡುಗೆಮನೆಯ ಗೋಡೆಗೆ ಅಂಟಿಸುವುದು ಒಳ್ಳೆಯದು. ‘ಬಾ’, ‘ಕೂರು’, ‘ಬಿಡು’, ‘ನಿಲ್ಲು’ ಎಂಬ ನಾಲ್ಕು ಮಾತುಗಳು ಬಂದರೆ ಸಂಸಾರದ ನಾಯಿಗೆ ಸಾಕು.

ಇವುಗಳಲ್ಲಿ ‘ಬಾ’ ಎಂಬುದು ಜೀವ ಉಳಿಸುವ ಮಾತು. ಕರಾವಳಿಯ ಊರುಗಳನ್ನು ಸೀಳಿಕೊಂಡು ಹೋಗುವ ರಾಷ್ಟ್ರೀಯ ಹೆದ್ದಾರಿ 66ರ ಅಂಚಿನಲ್ಲಿ ಸತ್ತು ಬಿದ್ದ ನಾಯಿಗಳನ್ನು ನೋಡದೆ ಭಟ್ಕಳದಿಂದ ಕಾರವಾರ ತಲುಪುವುದು ಕಷ್ಟ. ಮೊದಲ ವಾರ ಮನೆಯೊಳಗೆ, ಎರಡು ಹೆಜ್ಜೆ ದೂರದಿಂದ ಹೆಸರು ಹಿಡಿದು ‘ಬಾ’ ಎಂದು ಒಮ್ಮೆ ಮಾತ್ರ ಕರೆಯಿರಿ. ಬಂದ ಪ್ರತಿ ಸಲವೂ ಚೂರು ಕೊಡಿ. ಎರಡನೆಯ ವಾರ ಅಂಗಳದಲ್ಲಿ, ಐದಾರು ಮೀಟರ್ ಉದ್ದದ ಮೆತ್ತನೆಯ ನೂಲಿನ ಹಗ್ಗ ಕಟ್ಟಿ ಅದನ್ನು ನೆಲದ ಮೇಲೆ ಎಳೆದಾಡಲು ಬಿಟ್ಟು ಕರೆಯಿರಿ. ಬಾರದಿದ್ದರೆ ಮತ್ತೆ ಮತ್ತೆ ಕೂಗದೆ ನೀವೇ ಎದುರು ದಿಕ್ಕಿಗೆ ನಾಲ್ಕು ಹೆಜ್ಜೆ ಓಡಿ. ಓಡುವವರ ಹಿಂದೆ ಓಡುವುದು ಮರಿಯ ಸಹಜ ಗುಣ. ದನ ಮೇಯುತ್ತಿರುವಾಗ, ಕೋಳಿ ಕಂಡಾಗ, ಬೇರೆ ನಾಯಿ ಬೊಗಳುವಾಗ ಕರೆದರೂ ತಿರುಗಿ ಬರುವಷ್ಟು ಗಟ್ಟಿಯಾದ ಮೇಲೆಯೇ ಹಗ್ಗ ಬಿಚ್ಚಬೇಕು. ಅದಕ್ಕೆ ಆರು ತಿಂಗಳು ಹಿಡಿದರೂ ಬೇಸರಪಡಬಾರದು. ಕರೆದು ಬೈಯುವುದು, ಕರೆದು ಕಟ್ಟಿಹಾಕುವುದು, ಕರೆದು ಔಷಧಿ ಕುಡಿಸುವುದು ಇವು ‘ಬಾ’ ಎಂಬ ಮಾತನ್ನು ಕೊಲ್ಲುತ್ತವೆ. ಕಟ್ಟಬೇಕಾದರೆ ನೀವೇ ನಾಯಿಯ ಬಳಿ ಹೋಗಿ.

‘ಬಿಡು’ ಕಲಿಸಲು ಮುಚ್ಚಿದ ಮುಷ್ಟಿಯಲ್ಲಿ ಒಂದು ಚೂರು ಹಿಡಿದು ಅದರ ಮೂಗಿನ ಮುಂದಿಡಿ. ಅದು ನೆಕ್ಕುತ್ತದೆ, ಕೆರೆಯುತ್ತದೆ, ಕೊನೆಗೆ ಬೇಸತ್ತು ಮೂತಿ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಆ ಕ್ಷಣ ‘ಬಿಡು’ ಎಂದು ಇನ್ನೊಂದು ಕೈಯಿಂದ ಬೇರೆ ಚೂರು ಕೊಡಿ. ‘ಕೂರು’ ಸುಲಭ: ಚೂರನ್ನು ಮೂಗಿನ ಮೇಲಿನಿಂದ ತಲೆಯ ಹಿಂದಕ್ಕೆ ಸರಿಸಿದರೆ ತಲೆ ಮೇಲೆದ್ದು ಹಿಂಭಾಗ ತಾನಾಗಿ ನೆಲಕ್ಕೆ ತಾಗುತ್ತದೆ. ಕೂತ ನಾಯಿಯಿಂದ ಒಂದು ಹೆಜ್ಜೆ ಹಿಂದೆ ಸರಿದು, ಅಲ್ಲೇ ಇರು ಎಂಬ ಅರ್ಥದಲ್ಲಿ ‘ನಿಲ್ಲು’ ಎನ್ನುತ್ತ, ದಿನಕ್ಕೆ ಒಂದೊಂದು ಹೆಜ್ಜೆ ದೂರ ಹೆಚ್ಚಿಸುತ್ತ ಹೋಗಬಹುದು.

ಸರಪಳಿಯ ಮಾತು

ಇಡೀ ದಿನ ಸರಪಳಿಯಲ್ಲಿರುವ ನಾಯಿ ಹುಚ್ಚುಹುಚ್ಚಾಗಿ ಬೊಗಳುವುದನ್ನು ಕಲಿಯುತ್ತದೆ, ಕಾವಲು ಕಲಿಯುವುದಿಲ್ಲ. ಕಟ್ಟಲೇಬೇಕಾದ ಹೊತ್ತಿನಲ್ಲಿ ಎರಡು ಕಂಬಗಳ ನಡುವೆ ಬಿಗಿದ ತಂತಿಗೆ ಬಳೆ ಹಾಕಿ, ಆ ಬಳೆಗೆ ಸರಪಳಿ ಸಿಕ್ಕಿಸಿದರೆ ನಾಯಿ ಉದ್ದಕ್ಕೂ ಓಡಾಡಬಲ್ಲದು. ಬೆಳಿಗ್ಗೆ ಸಂಜೆ ಅರ್ಧ ಗಂಟೆಯ ನಡಿಗೆಯನ್ನು ಯಾವ ನಾಯಿಗೂ ತಪ್ಪಿಸಬಾರದು. ರಾತ್ರಿ ಬಿಟ್ಟುಬಿಡುವ ಪದ್ಧತಿಯನ್ನಂತೂ ಕಾಡಂಚಿನ ಮನೆಯವರು ನಿಲ್ಲಿಸಬೇಕು. ಶಿರಸಿ, ಯಲ್ಲಾಪುರ, ಜೋಯಿಡಾ ಕಡೆಗಳಲ್ಲಿ ಚಿರತೆ ಅಂಗಳಕ್ಕೇ ಬಂದು ನಾಯಿಯನ್ನು ಎತ್ತಿಕೊಂಡು ಹೋಗುವುದು ಹೊಸ ಸುದ್ದಿಯಲ್ಲ. ಕಟ್ಟಿದ ನಾಯಿಗಾದರೆ ಓಡುವ ಅವಕಾಶವೂ ಇಲ್ಲ. ಕತ್ತಲಾದೊಡನೆ ನಾಯಿ ಮನೆಯೊಳಗಿರಬೇಕು, ಇಲ್ಲವೇ ಚಾವಣಿಯೂ ಗಟ್ಟಿ ಸರಳಿನ ಬಾಗಿಲೂ ಇರುವ ಗೂಡಿನಲ್ಲಿರಬೇಕು. ಒಳಗಿದ್ದರೂ ಅದು ಬೊಗಳಿ ಎಚ್ಚರಿಸುತ್ತದೆ, ಕಾವಲಿಗೆ ಅಷ್ಟು ಸಾಕು. ಕಾಡುಹಂದಿಗೆಂದು ಗದ್ದೆಯ ಬೇಲಿಯಲ್ಲಿ ಒಡ್ಡಿದ ಉರುಳಿಗೂ ಸಿಡಿಮದ್ದಿಗೂ ಬಲಿಯಾಗುವುದು ಹೀಗೆ ರಾತ್ರಿ ಅಲೆಯುವ ನಾಯಿಗಳೇ.

ಉಣುಗಿನ ಕಾಲ, ಮಳೆಯ ಕಾಲ

ನಮ್ಮ ನಾಯಿಗಳಿಗೆ ಎರಡು ಬಗೆಯ ಉಣುಗುಗಳ ಕಾಟ. ಒಂದು ಮನೆಯ ಉಣುಗು. ಅದು ನಾಯಿಯ ರಕ್ತ ಕುಡಿದು ಉಬ್ಬಿ ಕೆಳಗೆ ಬಿದ್ದು, ಗೋಡೆಯ ಬಿರುಕಿನಲ್ಲೋ ಹಲಗೆಯ ಸಂದಿಯಲ್ಲೋ ಸಾವಿರಾರು ಮೊಟ್ಟೆಗಳನ್ನು ಇಡುತ್ತದೆ. ನಾಯಿಗೆ ಜ್ವರ ತರಿಸಿ ರಕ್ತ ಬತ್ತಿಸುವ ಬೆಬೀಸಿಯಾ, ಎರ್ಲಿಕಿಯಾ ರೋಗಾಣುಗಳು ಉಣುಗುಗಳ ಮೂಲಕವೇ ಬರುವುದು. ನಾಯಿಗಷ್ಟೇ ಔಷಧಿ ಹಾಕಿ ಗೋಡೆಯನ್ನು ಮರೆತವರು ಸೋಲುವುದು ಇಲ್ಲಿಯೇ; ಗೂಡಿನ ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿ ಸುಣ್ಣ ಬಳಿಯಬೇಕು, ಹಾಸಿಗೆ ಕುದಿಸಬೇಕು.

ಇನ್ನೊಂದು ಕಾಡಿನ ಉಣುಗು. ಅದರ ಕಡಿತದಿಂದ ಮನುಷ್ಯರಿಗೆ ಹರಡುವ ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, ಅಂದರೆ ನಮ್ಮ ಸಿದ್ದಾಪುರದ ನೆರೆಯಲ್ಲಿ. ಬಳಿಕ ನಮ್ಮ ಜಿಲ್ಲೆಯಲ್ಲಿಯೂ ಅದು ಜೀವಗಳನ್ನು ತೆಗೆದುಕೊಂಡಿದೆ. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ, ದರಕು (ಉದುರಿದ ಒಣ ಎಲೆ) ಗುಡಿಸುವ ಕಾಲದಲ್ಲಿ, ಕಣ್ಣಿಗೆ ಕಾಣಿಸದಷ್ಟು ಸಣ್ಣ ಮರಿ ಉಣುಗುಗಳು ಕಾಡಿನ ನೆಲದಲ್ಲಿ ತುಂಬಿರುತ್ತವೆ. ಬೆಟ್ಟಕ್ಕೆ ಹೋಗಿಬಂದ ನಾಯಿ ಅವನ್ನು ಮೈಮೇಲೆ ಹೊತ್ತು ಜಗಲಿಗೆ ತರಬಲ್ಲದು ಎಂಬುದು ಇಲ್ಲಿನ ಆತಂಕ. ಆದ್ದರಿಂದ ಆ ಆರು ತಿಂಗಳು ನಾಯಿಯನ್ನು ಬೆಟ್ಟಕ್ಕೆ ಕರೆದೊಯ್ಯದಿರುವುದೇ ಲೇಸು. ಮಂಗ ಸತ್ತು ಬಿದ್ದ ಜಾಗದ ಹತ್ತಿರ ಸುಳಿಯಲೂ ಬಿಡಬಾರದು. ಸತ್ತ ಮಂಗನ ಮೈಯಿಂದ ಇಳಿದ ಉಣುಗುಗಳು ಅಲ್ಲಿಯೇ ಇರುತ್ತವೆ. ವಿಷಯವನ್ನು ಕೂಡಲೇ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ತಿಳಿಸಬೇಕು.

ಪ್ರತಿ ಸಂಜೆ ಕಿವಿ, ಕತ್ತು, ಕಂಕುಳು, ಬೆರಳ ಸಂದಿ, ಬಾಲದ ಬುಡವನ್ನು ಬೆರಳ ತುದಿಯಿಂದ ತಡವಿ ನೋಡಿ. ಮರಿಯಾಗಿದ್ದಾಗ ಮುಟ್ಟಿಸಿಕೊಳ್ಳಲು ಕಲಿತ ನಾಯಿ ಈ ಹೊತ್ತಿಗೆ ತಾನಾಗಿ ಬಂದು ಮಗ್ಗುಲಾಗುತ್ತದೆ. ಉಣುಗು ಸಿಕ್ಕರೆ ಚಿಮುಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ತಿರುಚದೆ, ನೇರವಾಗಿ ನಿಧಾನ ಎಳೆದು, ಸಾಬೂನಿನ ನೀರಿನಲ್ಲಿಯೋ ಸ್ಪಿರಿಟ್ಟಿನಲ್ಲಿಯೋ ಹಾಕಿ. ಉಗುರಿನಿಂದ ಹಿಸುಕಿ ಕೊಲ್ಲುವುದು, ಬೆಂಕಿಕಡ್ಡಿ ತಾಗಿಸುವುದು, ಸೀಮೆಎಣ್ಣೆ ಹಚ್ಚುವುದು ಯಾವುದೂ ಬೇಡ. ಉಣುಗಿನ ರಕ್ತ ಕೈಗೆ ತಾಗಬಾರದು. ಕತ್ತಿನ ಹಿಂದೆ ಹಾಕುವ ಹನಿ ಔಷಧಿ, ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಕೊಡುವ ಮಾತ್ರೆ, ಔಷಧಿಯ ಕೊರಳಪಟ್ಟಿ ಇವುಗಳಲ್ಲಿ ಯಾವುದು ಸರಿ ಎಂಬುದನ್ನು ನಾಯಿಯ ತೂಕ ನೋಡಿ ವೈದ್ಯರು ಹೇಳಬೇಕು. ಕೊಟ್ಟಿಗೆಯಲ್ಲಿ ದನಕ್ಕೆಂದು ತಂದಿಟ್ಟ ಉಣ್ಣೆ ಔಷಧಿಯನ್ನು ಅಂದಾಜಿನಲ್ಲಿ ನೀರಿಗೆ ಬೆರೆಸಿ ನಾಯಿಗೆ ಸುರಿಯುವುದು ಎಷ್ಟೋ ನಾಯಿಗಳ ನಡುಕಕ್ಕೂ ಸಾವಿಗೂ ಕಾರಣ. ಮೈ ನೆಕ್ಕುವ ಪ್ರಾಣಿಯ ಹೊಟ್ಟೆಗೆ ಅದೆಲ್ಲ ಹೋಗುತ್ತದೆ.

ಮಳೆಗಾಲದಲ್ಲಿ ಸ್ನಾನ ಕಡಿಮೆ ಮಾಡಿ, ಒರೆಸುವುದು ಹೆಚ್ಚು ಮಾಡಿ. ಹೊರಗಿನಿಂದ ಬಂದೊಡನೆ ಬೆರಳ ಸಂದಿಯನ್ನು ಒಣಬಟ್ಟೆಯಿಂದ ಒತ್ತಿ ಒರೆಸಬೇಕು. ಉಂಬಳ (ಜಿಗಣೆ) ಕಚ್ಚಿದ್ದರೆ ಅಂಚಿಗೆ ಉಗುರು ಹಾಕಿ ಸರಿಸಿದರೆ ಬಿಡುತ್ತದೆ. ಆದರೆ ಹಳ್ಳದ ನೀರು ಕುಡಿದ ನಾಯಿಯ ಒಂದೇ ಮೂಗಿನ ಹೊಳ್ಳೆಯಿಂದ ದಿನಗಟ್ಟಲೆ ರಕ್ತ ಒಸರಿದರೆ ಉಂಬಳ ಒಳಹೊಕ್ಕಿರಬಹುದು, ಅದನ್ನು ವೈದ್ಯರೇ ತೆಗೆಯಬೇಕು.

ಊಟ

ಅನ್ನ ಮಜ್ಜಿಗೆಯಿಂದ ಹೊಟ್ಟೆ ತುಂಬುತ್ತದೆ, ನಾಯಿ ಬೆಳೆಯುವುದಿಲ್ಲ. ಕುಚಲಕ್ಕಿ ಗಂಜಿಯ ಜೊತೆ ಮುಳ್ಳು ತೆಗೆದ ಬೇಯಿಸಿದ ಬಂಗಡೆಯೋ ತಾರ್ಲೆಯೋ ಸೇರಿದರೆ ಕರಾವಳಿಯ ನಾಯಿಗೆ ಒಳ್ಳೆಯ ಊಟ. ಹಸಿ ತಾರ್ಲೆಯನ್ನು ದಿನವೂ ಹಾಕಬಾರದು. ಅದರಲ್ಲಿರುವ ಒಂದು ಕಿಣ್ವ ಬಿ1 ಜೀವಸತ್ವವನ್ನು ನಾಶಮಾಡುತ್ತದೆ, ಬೇಯಿಸಿದರೆ ಆ ದೋಷವಿಲ್ಲ. ಉಪ್ಪುಹಾಕಿ ಒಣಗಿಸಿದ ಮೀನು, ಬೇಯಿಸಿದ ಕೋಳಿಯ ಮೂಳೆ ಎರಡೂ ಬೇಡ. ಮೀನು ಮಾಂಸ ಒಳಗೆ ಬಾರದ ಮನೆಗಳಲ್ಲಿ ಬೇಯಿಸಿದ ಬೇಳೆ, ಮೊಸರು ಸೇರಿಸಿದರೂ ಬೆಳೆಯುವ ಮರಿಗೆ ಪೋಷಕಾಂಶ ಸಾಲದೆ ಬರುವ ಸಾಧ್ಯತೆಯಿದೆ. ಅಂಥವರು ಕನಿಷ್ಠ ಮೊದಲ ವರ್ಷ ಅಂಗಡಿಯಲ್ಲಿ ಸಿಗುವ ಮರಿಗಳ ಸಿದ್ಧ ಆಹಾರವನ್ನು ಬಳಸುವುದು ನ್ಯಾಯ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆಯನ್ನು ಜ್ವರಕ್ಕೆಂದು ಕೊಡಲೇಬಾರದು.

ತೋಟದ ಮನೆಯವರು ಇನ್ನೂ ಕೆಲವನ್ನು ಗಮನಿಸಬೇಕು. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ವಸ್ತು ಹಿಂದೆ ನಾಯಿಗಳ ಲಾಡಿಹುಳವನ್ನು ಹೊರಹಾಕುವ ಔಷಧವಾಗಿ ಬಳಕೆಯಲ್ಲಿತ್ತು. ಅಷ್ಟು ತೀಕ್ಷ್ಣವಾದುದನ್ನು ಮರಿ ಆಟಕ್ಕೆಂದು ಜಗಿದರೆ ಜೊಲ್ಲು, ವಾಂತಿ, ಭೇದಿ ಆಗುತ್ತದೆ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ದಿನಗಳಲ್ಲಿ ಮೈಲುತುತ್ತ ಸುಣ್ಣ ಕದಡಿದ ಡ್ರಮ್ಮನ್ನು ಮುಚ್ಚಿಡಿ. ಬಸವನಹುಳು ಕೊಲ್ಲಲು ತೋಟದಲ್ಲಿ ಚೆಲ್ಲುವ ಬಿಲ್ಲೆಗಳ ವಾಸನೆಗೆ ನಾಯಿಗಳು ಮರುಳಾಗಿ ತಿನ್ನುತ್ತವೆ. ತಿಂದರೆ ಸೆಳವು ಬರುತ್ತದೆ. ‘ಬಿಡು’ ಎಂಬ ಮಾತು ಕೆಲಸಕ್ಕೆ ಬರುವುದು ಇಂಥ ಹೊತ್ತಿನಲ್ಲಿಯೇ.

ಕಡಲ ದಂಡೆಯಲ್ಲಿ

ಕಾರವಾರದ ಟಾಗೋರ್ ಕಡಲತೀರದಲ್ಲಿ ಬೆಳಗಿನ ನಡಿಗೆ ನಾಯಿಗೂ ಹಿತ. ಹೊತ್ತೇರಿದ ಮೇಲೆ ಮರಳಿನ ಮೇಲೆ ನಿಮ್ಮ ಅಂಗೈಯನ್ನು ಐದು ಸೆಕೆಂಡು ಇಟ್ಟು ನೋಡಿ. ನಿಮಗೆ ತಡೆಯಲಾಗದಿದ್ದರೆ ಅದರ ಪಾದಕ್ಕೂ ಆಗದು. ಕುಡಿಯುವ ನೀರನ್ನು ಜೊತೆಗೆ ಒಯ್ಯಿರಿ, ಉಪ್ಪುನೀರು ಕುಡಿದರೆ ಭೇದಿಯಾಗುತ್ತದೆ. ಬಲೆಯಿಂದ ಆರಿಸಿ ಎಸೆದ, ಚೆಂಡಿನಂತೆ ಉಬ್ಬುವ ಮೀನು ಒಣಗಿದ ಮೇಲೂ ಮಾರಕ ವಿಷ. ಗಾಳದ ಮುಳ್ಳು, ನೈಲಾನ್ ದಾರಗಳೂ ಅಲ್ಲಿಯೇ ಬಿದ್ದಿರುತ್ತವೆ. ಚಳಿಗಾಲದಲ್ಲಿ ದೇವಬಾಗ, ಹೊನ್ನಾವರದ ಕಾಸರಕೋಡು ಟೊಂಕ ಮೊದಲಾದ ಕಡೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ದಂಡೆಗೆ ಬರುತ್ತವೆ, ನಾಯಿಗಳು ಆ ಗೂಡುಗಳನ್ನು ಬಗೆದು ತಿನ್ನುತ್ತವೆ. ಆ ತಿಂಗಳುಗಳಲ್ಲಿ ಎಷ್ಟೇ ಮಾತು ಕೇಳುವ ನಾಯಿಯಾದರೂ ದಂಡೆಯಲ್ಲಿ ಹಗ್ಗ ಬಿಚ್ಚಬೇಡಿ. ಇದೇ ಮಾತು ದಾಂಡೇಲಿ, ಜೋಯಿಡಾದ ಕಾಡಿಗೂ ಸಲ್ಲುತ್ತದೆ. ಲಸಿಕೆಯಿಲ್ಲದ ಊರನಾಯಿಯಿಂದ ಡಿಸ್ಟೆಂಪರ್ ರೋಗ ಕೆನ್ನಾಯಿಗಳಿಗೆ ಹರಡಬಲ್ಲದು.

ದೀಪಾವಳಿಯ ಸದ್ದು

ಹಬ್ಬಕ್ಕೆ ಮೂರು ವಾರ ಮುಂಚಿನಿಂದ ಪಟಾಕಿಯ ಸದ್ದನ್ನು ಮೊಬೈಲಿನಲ್ಲಿ ಬಹಳ ಸಣ್ಣದಾಗಿ ಕೇಳಿಸುತ್ತ ಊಟ ಹಾಕಿ, ದಿನದಿನಕ್ಕೆ ಸದ್ದನ್ನು ತುಸುವೇ ಏರಿಸಿ. ಹಬ್ಬದ ರಾತ್ರಿ ನಡುಮನೆಯಲ್ಲಿ, ಕಿಟಕಿ ಮುಚ್ಚಿ, ಅದರ ಹಾಸಿಗೆಯೊಂದಿಗೆ ಇರಿಸಿ. ಹೆದರಿದ ನಾಯಿಯನ್ನು ಸಮಾಧಾನಪಡಿಸಿದರೆ ಹೆದರಿಕೆ ಹೆಚ್ಚುತ್ತದೆ ಎಂಬ ಮಾತು ನಿಜವಲ್ಲ. ಪಕ್ಕದಲ್ಲಿ ಕೂತು ಮೈ ಸವರಿ.

ಕಚ್ಚಿದರೆ, ಕಚ್ಚಿಸಿಕೊಂಡರೆ

ಯಾವ ನಾಯಿ ಕಚ್ಚಿದರೂ, ಪರಚಿದರೂ, ಮನೆಯ ನಾಯಿಯೇ ಆದರೂ, ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ, ಕಾರದಪುಡಿ ಹಾಕಬಾರದು. ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮದೊಳಗೆ ಕೊಡುವ ಲಸಿಕೆಯ ದಿನಗಳು 0 (ಮೊದಲ ಚುಚ್ಚುಮದ್ದಿನ ದಿನ), 3, 7 ಮತ್ತು 28. ನಡುವೆ ಒಂದನ್ನೂ ತಪ್ಪಿಸಬಾರದು. ಚರ್ಮ ಹರಿದು ರಕ್ತ ಬಂದಿದ್ದರೆ, ಗಾಯ ಆಳವಿಲ್ಲದಿದ್ದರೂ, ಇಮ್ಯುನೊಗ್ಲೋಬ್ಯುಲಿನ್ ಚುಚ್ಚುಮದ್ದೂ ಬೇಕು. ರೇಬೀಸ್‌ನ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಉಳಿಸಿಕೊಳ್ಳಲು ಸಾಧ್ಯವಿಲ್ಲ ಎನ್ನುವಷ್ಟು ಅದು ಘೋರವಾದುದು. ವಿಶ್ವ ರೇಬೀಸ್ ದಿನವಾದ ಸೆಪ್ಟೆಂಬರ್ 28ರ ಆಸುಪಾಸಿನಲ್ಲಿ ಪಶು ಆಸ್ಪತ್ರೆಗಳು ಉಚಿತ ಲಸಿಕೆ ಶಿಬಿರ ನಡೆಸುವುದುಂಟು, ವಿಚಾರಿಸಿ.

ನಾಯಿಗೆ ಹಾವು ಕಚ್ಚಿದರೆ ಕಟ್ಟು ಬಿಗಿಯದೆ, ಗಾಯ ಕೊಯ್ಯದೆ, ನಡೆಸದೆ, ಎತ್ತಿಕೊಂಡೇ ವೈದ್ಯರಲ್ಲಿಗೆ ಹೋಗಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಮನುಷ್ಯರಿಗೆ ಕೊಡುವ ಪ್ರತಿವಿಷವೇ ನಾಯಿಗೂ ಆಗುತ್ತದೆ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಅದು ಸಿಗುತ್ತದೆ ಎಂಬುದನ್ನು ಇಂದೇ ವಿಚಾರಿಸಿ ಇಟ್ಟುಕೊಳ್ಳಬೇಕು.

ಸಂತಾನಹರಣ

ಹೆಣ್ಣುನಾಯಿ ಆರರಿಂದ ಹನ್ನೆರಡು ತಿಂಗಳೊಳಗೆ ಮೊದಲ ಸಲ ಬೆದೆಗೆ ಬರುತ್ತದೆ, ಗರ್ಭ ಸುಮಾರು 63 ದಿನ. ಮರಿಗಳನ್ನು ಸಾಕುವ ಮನೆಗಳು ಮೊದಲೇ ಗೊತ್ತಿಲ್ಲದಿದ್ದರೆ ಶಸ್ತ್ರಚಿಕಿತ್ಸೆ ಮಾಡಿಸಿಬಿಡಿ. ಅದರಿಂದ ಗರ್ಭಕೋಶದಲ್ಲಿ ಕೀವು ತುಂಬುವ ಮಾರಕ ಕಾಯಿಲೆ ತಪ್ಪುತ್ತದೆ, ಮಾರುಕಟ್ಟೆಯ ಮೂಲೆಯಲ್ಲಿ ಚೀಲದೊಳಗೆ ಕುಂಯ್‌ಗುಡುವ ಮರಿಗಳೂ ತಪ್ಪುತ್ತವೆ. ಗಂಡಿಗೂ ಮಾಡಿಸಿದರೆ ಅಲೆದಾಟ, ಕಾದಾಟ ಕಡಿಮೆಯಾಗುತ್ತದೆ.

ವಾರಕ್ಕೊಮ್ಮೆಯ ತಪಾಸಣೆ

ಪ್ರತಿ ಭಾನುವಾರ ಒಂದು ಹಳೆಯ ನೋಟುಬುಕ್ಕು ಹಿಡಿದು ಕೂರಿ. ತುಟಿ ಎತ್ತಿ ವಸಡಿನ ಬಣ್ಣ ನೋಡಿ: ತಿಳಿಗುಲಾಬಿಯಾದರೆ ಸರಿ, ಬಿಳಚಿದ್ದರೆ ರಕ್ತ ಕಡಿಮೆಯಾಗಿದೆ, ಹಳದಿಯಾಗಿದ್ದರೆ ಕಾಮಾಲೆ. ಹುಟ್ಟಿನಿಂದ ವಸಡು ಕಪ್ಪಾಗಿರುವ ನಾಯಿಯಲ್ಲಿ ಕೆಳರೆಪ್ಪೆಯ ಒಳಗನ್ನು ನೋಡಬೇಕು. ಗುದದ್ವಾರದಲ್ಲಿಟ್ಟ ಥರ್ಮಾಮೀಟರ್ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿದರೆ ಅದು ನಾಯಿಯ ಸಹಜ ಉಷ್ಣತೆ. 103 ದಾಟಿದರೆ ಜ್ವರ. ತೂಕ, ಊಟ, ಮೂತ್ರದ ಬಣ್ಣ, ಸಿಕ್ಕ ಉಣುಗುಗಳ ಸಂಖ್ಯೆ, ಕೊಟ್ಟ ಔಷಧಿಯ ಹೆಸರು, ದಿನಾಂಕ ಬರೆದಿಡಿ. ಇಡೀ ಒಂದು ದಿನ ಊಟ ಬಿಟ್ಟರೆ, ಮೂತ್ರ ಕಾಫಿಯ ಬಣ್ಣಕ್ಕೆ ತಿರುಗಿದರೆ, ಮೂಗಿನಲ್ಲಿ ರಕ್ತ ಕಂಡರೆ ಮಳೆ ನಿಲ್ಲಲಿ ಎಂದು ಕಾಯದೆ ಅಂದೇ ಹೊರಡಬೇಕು. ಹೊರಡುವಾಗ ಆ ನೋಟುಬುಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಜೊತೆಗೆ ಒಯ್ಯಿರಿ.